ಕಂಪ್ಯೂಟರ್ ಆನ್ ಮಾಡಿದಾಗ ಎರಡೆರಡು ವಿಂಡೋಸ್ ಕೇಳುತ್ತಿದೆಯೇ?

ಹಳೆಯ ಪಾರ್ಟಿಷನ್ (ಡಿಸ್ಕ್‌ನ ಒಂದು ಭಾಗ) ಫಾರ್ಮ್ಯಾಟ್ ಮಾಡದೆ ಇನ್ನೊಂದರಲ್ಲಿ ವಿಂಡೋಸ್ ಹಾಕಿದರೆ, ಬೂಟ್ ಪಟ್ಟಿಯಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೋರಿಸುವ ಪಟ್ಟಿ) ಹಳೆಯ ಹೆಸರೂ ಉಳಿಯುತ್ತದೆ. ಅದಕ್ಕೇ ಪ್ರತಿ ಸಲ ನೀಲಿ ಪರದೆ ಬಂದು 30 ಸೆಕೆಂಡ್ ಕಾಯಿಸುವುದು. ಇದಕ್ಕಾಗಿ ಮತ್ತೆ ಫಾರ್ಮ್ಯಾಟ್ ಮಾಡಿಸಬೇಡಿ, ದಯವಿಟ್ಟು.

ವಿಂಡೋಸ್ ಕೀ ಜೊತೆ ಆರ್ ಒತ್ತಿ, 'ಎಂಎಸ್‌ಕಾನ್ಫಿಗ್' (msconfig) ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಎಂಟರ್ ಕೊಡಿ. ಬೂಟ್ ಟ್ಯಾಬ್‌ನಲ್ಲಿ ಎರಡು ಸಾಲು ಕಾಣುತ್ತವೆ. ಹೆಸರು ನೋಡಿ ಮೋಸಹೋಗಬೇಡಿ, ಎರಡೂ 'ವಿಂಡೋಸ್ 10' ಎಂದೇ ಇರಬಹುದು. 'ಕರೆಂಟ್ ಓಎಸ್' ಎಂದು ಬರೆದಿರುವುದು ಈಗ ಓಡುತ್ತಿರುವುದು, ಅದನ್ನು ಅಳಿಸಬೇಡಿ. ಅದರ ಮುಂದೆ 'ಡಿಫಾಲ್ಟ್ ಓಎಸ್' ಎಂದೂ ಇಲ್ಲದಿದ್ದರೆ ಮೊದಲು ಅದನ್ನು ಆರಿಸಿ 'ಸೆಟ್ ಆಸ್ ಡಿಫಾಲ್ಟ್' ಒತ್ತಿ. ಆಮೇಲೆ ಇನ್ನೊಂದನ್ನು ಆರಿಸಿ ಡಿಲೀಟ್, ಓಕೆ, ರೀಸ್ಟಾರ್ಟ್.

ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಬೂಟ್ ಸೆಟ್ಟಿಂಗ್ ಬದಲಾದ ಮೇಲೆ ಅದನ್ನು ಕೇಳುವ ಸಾಧ್ಯತೆ ಇದೆ.

ಇದರಿಂದ ಹೋಗುವುದು ಪಟ್ಟಿಯಲ್ಲಿನ ಹೆಸರು ಮಾತ್ರ. ಹಳೆಯ ವಿಂಡೋಸ್‌ನ ಫೈಲ್‌ಗಳು ಆ ಪಾರ್ಟಿಷನ್‌ನಲ್ಲೇ ಇರುತ್ತವೆ, ಫೋಟೋಗಳನ್ನು ನಿಧಾನವಾಗಿ ನಕಲು ಮಾಡಿಕೊಳ್ಳಬಹುದು.

ಉಬುಂಟು (ಒಂದು ಬಗೆಯ ಲಿನಕ್ಸ್) ಕೂಡ ಇದ್ದು ಅದರ ಬೂಟ್ ಪಟ್ಟಿಯಾದ ಗ್ರಬ್ ಮೆನು ಬರುತ್ತಿದ್ದರೆ ಈ ದಾರಿ ನಡೆಯುವುದಿಲ್ಲ. ಲಿನಕ್ಸ್ ಪಾರ್ಟಿಷನ್ ಅಳಿಸುವ ಮೊದಲು ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಕಂಪ್ಯೂಟರ್ ಸೆಟ್ಟಿಂಗ್) 'ವಿಂಡೋಸ್ ಬೂಟ್ ಮ್ಯಾನೇಜರ್' ಅನ್ನು ಮೊದಲ ಸ್ಥಾನಕ್ಕೆ ತನ್ನಿ, ಇಲ್ಲವಾದರೆ ಕಪ್ಪು ಪರದೆಯಲ್ಲಿ ಗ್ರಬ್ ಪ್ರಾಂಪ್ಟ್‌ಗೆ ಬಂದು ನಿಲ್ಲುತ್ತದೆ.