ಫ್ಲ್ಯಾಟ್ ನೋಡುವಾಗ ಗೋಡೆ ಯಾವುದರದ್ದು ಅಂತ ಕೇಳಿ

ಕಲಬುರಗಿ, ಬೀದರ್ ಕಡೆಯಿಂದ ಇಂಗ್ಲೆಂಡಿಗೆ ಹೊಸದಾಗಿ ಬಂದವರ ಜೊತೆ ಫ್ಲ್ಯಾಟ್ ನೋಡಲು ನಾನೂ ಹೋಗುತ್ತಿರುತ್ತೇನೆ. ಎಲ್ಲರೂ ಅಡುಗೆಮನೆ ನೋಡುತ್ತಾರೆ, ಸ್ಟೇಷನ್ ಎಷ್ಟು ದೂರ ಅಂತಾರೆ. ಹೊರಗೋಡೆ ಯಾವುದರದ್ದು ಅಂತ ಯಾರೂ ಕೇಳಲ್ಲ. ನಾನೂ ಕೇಳಿರಲಿಲ್ಲ. ನಮ್ಮ ಕಡೆ ಗೋಡೆ ಅಂದ್ರೆ ಕಲ್ಲು, ಅಲ್ವಾ? ಶಹಾಬಾದ್ ಕಲ್ಲಿನ ಮನೆಯಲ್ಲಿ ಬೆಳೆದವರಿಗೆ ಗೋಡೆಗೆ ಬೆಂಕಿ ಹತ್ತೀತು ಅಂತ ಹೇಗೆ ಹೊಳೆಯಬೇಕು?

2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ ಅಡುಗೆಮನೆಯ ಫ್ರಿಜ್‌ನಿಂದ ಹೊತ್ತಿದ ಬೆಂಕಿ ಹೊರಗಿನ ಕ್ಲ್ಯಾಡಿಂಗ್, ಅಂದ್ರೆ ಗೋಡೆಯ ಹೊರಮೈಗೆ ಹೊದಿಸಿದ ಹಾಳೆಗಳನ್ನು ಹಿಡಿದು ಮೇಲೇರಿತು. 72 ಜನ ಸತ್ತರು. ಟಿವಿ ಮುಂದೆ ಕೂತು ಅತ್ತಿದ್ದೆ. ಆದರೂ ಮರುವರ್ಷ ಆರನೇ ಮಹಡಿಯಲ್ಲಿ ಫ್ಲ್ಯಾಟ್ ಕೊಂಡಾಗ, ಹೊಳೆಯುವ ಹೊರಗೋಡೆ ನೋಡಿ "ಛಂದ ಅದ" ಅಂದೆ, ಅಷ್ಟೇ.

ಎರಡನೇ ತಪ್ಪು ಇನ್ನೂ ದೊಡ್ಡದು. ಕಟ್ಟಡ ನೋಡಿಕೊಳ್ಳುವವರಿಂದ ಬಂದ ಪತ್ರಗಳನ್ನು ಬಿಲ್ ಅಂದುಕೊಂಡು ಒಡೆಯದೆ ಡ್ರಾಯರಿಗೆ ಹಾಕುತ್ತಿದ್ದೆ. ಒಂದು ರಾತ್ರಿ ಅಲಾರಂ ಬಡಿದುಕೊಂಡಿತು. ಬಾಗಿಲು ಹಾಕಿಕೊಂಡು ಒಳಗೇ ಇರಬೇಕು ಅನ್ನೋ ಹಳೇ ನಿಯಮ ನಂಬಿ ಮಗಳನ್ನು ತಬ್ಬಿಕೊಂಡು ಕೂತಿದ್ದೆವು. ರಾತ್ರಿ ಕಾವಲಿನವನು ಬಾಗಿಲು ಬಡಿದು ಎಲ್ಲರನ್ನೂ ಕೆಳಗಿಳಿಸಿದ. ಯಾರದೋ ಬಾಣಲೆ ಸೀದಿತ್ತು. ಹೊರಗೋಡೆಯ ಕ್ಲ್ಯಾಡಿಂಗ್ ಅಪಾಯದ್ದು, ಅದಕ್ಕೇ ನಿಯಮ ಬದಲಾಗಿದೆ, ಅಲಾರಂ ಆದರೆ ತಕ್ಷಣ ಇಳಿಯಿರಿ ಅಂತ ಆ ಪತ್ರಗಳಲ್ಲೇ ಇತ್ತು. ಇದನ್ನು ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತೆ. ಪತ್ರ ಬಂದ ದಿನವೇ ಓದಿ.

ಕಾಗದದ ಕೆಲಸ: ಕೊಳ್ಳುವ ಮುಂಚೆ ಇಡಬ್ಲ್ಯೂಎಸ್1 ಫಾರಂ (ಹೊರಗೋಡೆಗೆ ಬೆಂಕಿಯ ಅಪಾಯ ಇದೆಯಾ ಅಂತ ತಜ್ಞರು ನೋಡಿ ಬರೆದುಕೊಡುವ ಕಾಗದ) ಇದೆಯಾ ಕೇಳಿ. 2022ರ ಕಾನೂನಿನ ಪ್ರಕಾರ 11 ಮೀಟರ್ ಅಥವಾ 5 ಮಹಡಿಗಿಂತ ಕಮ್ಮಿ ಇಲ್ಲದ ಕಟ್ಟಡದಲ್ಲಿ, ಅರ್ಹತೆ ಇರುವ ಲೀಸ್‌ನವರಿಂದ ಅಪಾಯದ ಕ್ಲ್ಯಾಡಿಂಗ್ ತೆಗೆಸುವ ಖರ್ಚು ವಸೂಲಿ ಮಾಡುವಂತಿಲ್ಲ. ಅರ್ಹತೆಯ ಪತ್ರವನ್ನು ಮಾರುವವರ ಹತ್ತಿರ ಕೇಳಿ ಪಡೆಯಿರಿ. ಊರಿನ ಲೀಸ್ ಬೇರೆ, ಇಲ್ಲಿನದು ಬೇರೆ: ಇಲ್ಲಿ ಫ್ಲ್ಯಾಟ್ ಕೊಳ್ಳುವುದೇ ಸಾಮಾನ್ಯವಾಗಿ ಬಹಳ ವರ್ಷಗಳ ಲೀಸ್ ಮೇಲೆ.

ನಮ್ಮ ಕಟ್ಟಡದ ಕ್ಲ್ಯಾಡಿಂಗ್ ತೆಗೆಯುವ ಕೆಲಸ ಶುರುವಾದಾಗ ನಾವು ಒಳಗೇ ಇದ್ದೆವು. ಇಡೀ ಕಟ್ಟಡಕ್ಕೆ ಅಟ್ಟಣಿಗೆ, ಅದರ ಮೇಲೆ ಬಿಳಿ ಪ್ಲಾಸ್ಟಿಕ್ ಪರದೆ. ಕಿಟಕಿ ತೆಗೆಯೋ ಹಾಗಿಲ್ಲ. ರೊಟ್ಟಿ ಬಡಿದರೆ ಹೊಗೆ ಒಳಗೇ ಸುತ್ತುತ್ತಿತ್ತು. ಹಗಲೆಲ್ಲ ಡ್ರಿಲ್. ಕೆಲಸದವನೊಬ್ಬ ಕಿತ್ತ ತುಂಡು ತೋರಿಸಿದ. ಎರಡು ತೆಳು ಅಲ್ಯೂಮಿನಿಯಂ ಹಾಳೆ, ನಡುವೆ ಕರೀ ಪ್ಲಾಸ್ಟಿಕ್. ಖಡಕ್ ರೊಟ್ಟಿಯಷ್ಟೇ ದಪ್ಪ. ಇಷ್ಟು ವರ್ಷ ಇದರ ಪಕ್ಕದಲ್ಲಿ ಮಗಳನ್ನು ಮಲಗಿಸಿದ್ದೆ. ಹೊಸ ಗೋಡೆಯೊಳಗೆ ತುಂಬುತ್ತಿದ್ದದ್ದು ಕಲ್ಲು ಕರಗಿಸಿ ಮಾಡಿದ ಉಣ್ಣೆ. ಫೋನಿನಲ್ಲಿ ಹೇಳಿದಾಗ ಅವ್ವ, "ಕಡೀಗಿ ಕಲ್ಲೇ ಬೇಕಾತಲ್ಲವಾ" ಅಂದಳು.

ಮಕ್ಕಳಿದ್ದರೆ ಆ ತಿಂಗಳುಗಳಲ್ಲಿ ದಿನಾ ಸಂಜೆ ಹೊರಗೆ ಕರೆದುಕೊಂಡು ಹೋಗಿ, ಮಳೆ ಇದ್ದರೂ ಸರಿ. ನಾವು ಅದನ್ನೂ ಮಾಡಲಿಲ್ಲ. ಆ ಬೇಸಿಗೆಯಲ್ಲಿ ಕಲಬುರಗಿಗೆ ಹೋದಾಗ ಮಾಳಿಗೆ ಮೇಲೆ ಹಾಸಿಗೆ ಹಾಸಿದೆವು. ನಾಲ್ಕು ವರ್ಷದ ಮಗಳು ಚುಕ್ಕಿ ನೋಡುತ್ತಾ ತುಂಬಾ ಹೊತ್ತು ಸುಮ್ನೆ ಮಲಗಿದ್ದಳು. ಆಮೇಲೆ ಅಜ್ಜಿಯನ್ನು ಕೇಳಿದಳು: "ಇಲ್ಲಿ ಪರದೆ ಯಾವಾಗ ತೆಗೆದರು?"