ಐಟಿ ನಿರ್ವಹಣೆಯೋ ಸೈಬರ್ ಭದ್ರತೆಯೋ: ನಮ್ಮ ಕಾರ್ಖಾನೆಯ ಲೆಕ್ಕಾಚಾರ

ಪೀಣ್ಯದಲ್ಲಿರುವ ನಮ್ಮದು ಯಂತ್ರಗಳ ಬಿಡಿಭಾಗ ತಯಾರಿಸುವ ಕಾರ್ಖಾನೆ. ಲೆಕ್ಕಪತ್ರದ ಜೊತೆಗೆ ಕಂಪ್ಯೂಟರ್‌ಗಳ ಉಸ್ತುವಾರಿಯನ್ನೂ ನನ್ನ ತಲೆಗೇ ಕಟ್ಟಿದ್ದಾರೆ. ಐಟಿ ನಿರ್ವಹಣೆಯ ವಾರ್ಷಿಕ ಒಪ್ಪಂದ ಮುಗಿಯುವ ಹೊತ್ತಿಗೆ ಸರಿಯಾಗಿ ವಿದೇಶದ ಗ್ರಾಹಕರೊಬ್ಬರು ಸೈಬರ್ ಭದ್ರತೆಯ ಉದ್ದನೆಯ ಪ್ರಶ್ನಾವಳಿ ಕಳುಹಿಸಿದರು. “ಐಟಿಯವರಿಗೆ ದುಡ್ಡು ಕೊಡುತ್ತಲೇ ಇದ್ದೇವಲ್ಲ, ಇನ್ನೊಬ್ಬರು ಯಾಕೆ?” ಎಂದರು ಮಾಲೀಕರು.

ಕೊಟೇಶನ್ ತರಿಸುವ ಮೊದಲು ಹಳೆಯ ದೂರುಗಳ ಪಟ್ಟಿ ಹಿಡಿದು ಕುಳಿತೆ. ಪ್ರಿಂಟರ್ ಕೆಟ್ಟದ್ದು, ಪಾಸ್‌ವರ್ಡ್ ಮರೆತದ್ದು, ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ತೆರೆಯದೇ ಇದ್ದದ್ದು. ಎಲ್ಲವೂ ಯಾರೋ ಫೋನ್ ಮಾಡಿದ ಮೇಲೆ ಶುರುವಾದ ಕೆಲಸ. ಕಳ್ಳ ನುಗ್ಗಿದಾಗ ಫೋನ್ ಮಾಡುವವರು ಯಾರು?

ಭದ್ರತಾ ಸಂಸ್ಥೆಯೊಂದರಿಂದ ತಪಾಸಣೆಗೆ ಬಂದವರು ಮೊದಲು ನೋಡಿದ್ದು ಟ್ಯಾಲಿ ಸರ್ವರ್. ಲೆಕ್ಕಪರಿಶೋಧಕರು ಮನೆಯಿಂದಲೇ ಕೆಲಸ ಮಾಡಲೆಂದು, ದೂರದಿಂದ ಕಂಪ್ಯೂಟರ್ ಬಳಸುವ ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟನ್ನು, ಅಂದರೆ ಅದರ ಸಂಪರ್ಕದ ಬಾಗಿಲನ್ನು, ಐಟಿಯವರು ನೇರವಾಗಿ ಇಂಟರ್ನೆಟ್‌ಗೆ ತೆರೆದಿಟ್ಟಿದ್ದರು. ಸರ್ವರ್ ತಾನೇ ಬರೆದಿಡುವ ದಾಖಲೆಯಾದ ಲಾಗ್‌ನಲ್ಲಿ 4625 ಸಂಖ್ಯೆಯ, ಅಂದರೆ ಲಾಗಿನ್ ವಿಫಲವಾದ ದಾಖಲೆಗಳು ಸಾಲುಗಟ್ಟಿದ್ದವು. ನಡುರಾತ್ರಿಯಲ್ಲಿ ‘ಅಡ್ಮಿನ್’, ‘ಟ್ಯಾಲಿ’ ಎಂಬ ಹೆಸರುಗಳಲ್ಲಿ ಯಾರೋ ಬಾಗಿಲು ತಟ್ಟುತ್ತಲೇ ಇದ್ದರು. ಐಟಿಯವರ ಪುಸ್ತಕದಲ್ಲಿ ಮಾತ್ರ ಲೆಕ್ಕಪರಿಶೋಧಕರ ಸಂಪರ್ಕ ಎಂದೋ ಬಗೆಹರಿದ ದೂರು.

ಹಾಗೆಂದು ಭದ್ರತೆಯವರೊಬ್ಬರೇ ಸಾಕು ಎನ್ನಲೂ ಆಗಲಿಲ್ಲ. ಅವರು ದೋಷ ತೋರಿಸಿದರು. ಪೋರ್ಟ್ ಮುಚ್ಚಿ, ಒಟಿಪಿ ಕೇಳುವ ವಿಪಿಎನ್ (ಹೊರಗಿನಿಂದ ಬರುವವರಿಗೆ ಸುರಕ್ಷಿತ ಖಾಸಗಿ ದಾರಿ) ಅಳವಡಿಸಿದ್ದು ಐಟಿ ಹುಡುಗನೇ. ದೋಷ ಸರಿಪಡಿಸುವ ಇಂಥ ಕೆಲಸ ತಪ್ಪಿದರೆ ಏನಾಗುತ್ತದೆ ನೋಡಿ: 2017ರ ಮೇ ತಿಂಗಳಲ್ಲಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವಾನ್ನಾಕ್ರೈ ಹಬ್ಬಿದಾಗ ಮೈಕ್ರೋಸಾಫ್ಟ್ ಅದಕ್ಕೆ ಬೇಕಾದ ಪ್ಯಾಚನ್ನು, ಅಂದರೆ ದೋಷ ಸರಿಪಡಿಸುವ ತೇಪೆಯನ್ನು, ಮಾರ್ಚ್‌ನಲ್ಲಿಯೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಆದ್ದರಿಂದ ಮೊದಲು ಐಟಿ ಒಪ್ಪಂದವನ್ನೇ ಬಿಗಿಗೊಳಿಸಿದೆ: ಪ್ರತಿ ತಿಂಗಳು ಪ್ಯಾಚ್, ಬ್ಯಾಕಪ್‌ನ ಒಂದು ಪ್ರತಿ ನೆಟ್‌ವರ್ಕ್‌ನಿಂದ ಹೊರಗೆ, ಮೂರು ತಿಂಗಳಿಗೊಮ್ಮೆ ಅದನ್ನು ನನ್ನೆದುರೇ ಮರಳಿ ತೆರೆದು ತೋರಿಸಬೇಕು.

ಉಳಿದ ಹಣದಲ್ಲಿ ಸರ್ವರ್, ಇಮೇಲ್ ಮತ್ತು ಲೆಕ್ಕಪತ್ರ ವಿಭಾಗಕ್ಕೆ ಮಾತ್ರ ದಿನದ 24 ಗಂಟೆಯ ನಿಗಾ ಕೊಂಡೆವು. ಎರಡನ್ನೂ ತಾವೇ ಅಗ್ಗದಲ್ಲಿ ಮಾಡಿಕೊಡುತ್ತೇವೆ ಎಂದು ಐಟಿಯವರು ದುಂಬಾಲು ಬಿದ್ದರು. ಪೋರ್ಟ್ ತೆರೆದವರೇ ಅದು ಸುರಕ್ಷಿತವೆಂದು ಸರ್ಟಿಫಿಕೇಟ್ ಕೊಡುವ ಏರ್ಪಾಡು ನನಗೆ ಒಪ್ಪಿಗೆಯಾಗಲಿಲ್ಲ.

ಭದ್ರತೆಯವರನ್ನು ಆರಿಸಲು ನಾನು ಕೇಳಿದ್ದು ಒಂದೇ ಪ್ರಶ್ನೆ: ರಾತ್ರಿ ಎರಡು ಗಂಟೆಗೆ ಎಚ್ಚರಿಕೆ ಬಂದರೆ ಏನು ಮಾಡುತ್ತೀರಿ? “ಇಮೇಲ್ ಕಳುಹಿಸುತ್ತೇವೆ” ಎಂದವರನ್ನು ಕೈಬಿಟ್ಟೆ. ಆ ಕಂಪ್ಯೂಟರನ್ನು ನೆಟ್‌ವರ್ಕ್‌ನಿಂದ ಬೇರ್ಪಡಿಸಿ ಫೋನ್ ಮಾಡುತ್ತೇವೆ ಎಂದವರಿಗೆ ಕೆಲಸ ಕೊಟ್ಟೆ. ಆದರೆ ಕಂಪ್ಯೂಟರ್ ಆದೇಶದಂತೆ ಲೋಹ ಕತ್ತರಿಸುವ ಸಿಎನ್‌ಸಿ ಯಂತ್ರಗಳಿಗೆ ಪ್ರೋಗ್ರಾಂ ಕಳುಹಿಸುವುದು ಸರ್ವರ್‌ನಿಂದಲೇ. ಅದನ್ನು ಬೇರ್ಪಡಿಸುವ ಮುನ್ನ ರಾತ್ರಿ ಪಾಳಿಯ ಸೂಪರ್‌ವೈಸರ್‌ಗೆ ತಿಳಿಸಬೇಕು ಎಂದು ಬರೆಸಿದೆ.

ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನದಂತೆ ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಕಾಪಾಡಬೇಕು. ಕೆಲಸ ಹೊರಗೆ ಕೊಟ್ಟರೂ ಈ ಹೊಣೆ ನಮ್ಮದೇ. ಲಾಗ್ ಇಡುವುದು, ವರದಿಯ ಕರಡು ಬರೆಯುವುದು ಭದ್ರತೆಯವರು, ಕಳುಹಿಸುವುದು ನಾನು. ಎರಡೂ ಒಪ್ಪಂದಗಳಲ್ಲಿ ಈ ಷರತ್ತು ಸೇರಿದ ಮೇಲೆಯೇ ಮಾಲೀಕರ ಸಹಿಗೆ ಕಡತ ಒಯ್ದೆ.