ಹಳೇ ಕೇಬಲ್ಲಿನಲ್ಲೇ ಎಚ್‌ಡಿ ತಂದಿದ್ದು: ನನ್ನ ಅನುಭವ

ಗೋಡೆಯೊಳಗಿನ ಆರ್‌ಜಿ-59 (ಸಿಸಿಟಿವಿಯ ಹಳೇ ಕೋಆಕ್ಸಿಯಲ್ ಕೇಬಲ್) ಕಿತ್ತು ಹಾಕದೆ ಎಚ್‌ಡಿ ಬರೋದೇ ಇಲ್ಲ ಅಂದವರು ಒಬ್ಬಿಬ್ಬರಲ್ಲ. ನಾಲ್ಕಂತಸ್ತಿನ ಕಟ್ಟಡ, 14 ಅನಲಾಗ್ ಕ್ಯಾಮೆರಾ, ಕೇಬಲ್ಲೆಲ್ಲ ಪ್ಲಾಸ್ಟರ್ ಒಳಗೆ. ಈಗ ಒಂದೂವರೆ ವರ್ಷದಿಂದ ಅದೇ ಕೇಬಲ್ಲಿನಲ್ಲಿ 1080ಪಿ ಓಡ್ತಿದೆ.

ಐಪಿಗೂ (ನೆಟ್‌ವರ್ಕ್ ಕೇಬಲ್ಲಿನಲ್ಲಿ ಓಡೋ ಕ್ಯಾಮೆರಾ) ಲೆಕ್ಕ ಹಾಕಿದ್ದೆ. ಕ್ಯಾಟ್-6 ನೆಟ್‌ವರ್ಕ್ ಕೇಬಲ್, ಅದರಲ್ಲೇ ಕರೆಂಟೂ ಕೊಡೋ ಪಿಒಇ ಸ್ವಿಚ್ ಬಿಡಿ, ಗೋಡೆ ಕೊರೆದು ಮುಚ್ಚಿ ಬಣ್ಣ ಹೊಡೆಯೋ ಖರ್ಚೇ ಕ್ಯಾಮೆರಾಗಳ ಖರ್ಚನ್ನು ಮೀರಿತು. ಕೋಆಕ್ಸಿಯಲ್ಲಿನಲ್ಲೇ ಡಿಜಿಟಲ್ ವಿಡಿಯೋ ಕಳಿಸೋ ಎಚ್‌ಡಿ-ಎಸ್‌ಡಿಐ ಕಡೆ ತಿರುಗಿಯೂ ನೋಡಲಿಲ್ಲ, ಹಿಂದಿನ ಒಂದು ಕೆಲಸದಲ್ಲಿ ಅದರಿಂದ ಕೈ ಸುಟ್ಟುಕೊಂಡಿದ್ದೆ. ಚಿತ್ರವೇನೋ ಬಲು ಚೆಂದ. ಆದರೆ ಸೆಕೆಂಡಿಗೆ ಸುಮಾರು 1.5 ಗಿಗಾಬಿಟ್ ಹಳೇ ತಂತಿಯಲ್ಲಿ ಹೋಗಬೇಕಲ್ಲ! 80-90 ಮೀಟರ್ ದಾಟಿದ ಲೈನುಗಳಲ್ಲಿ ಮಸುಕಾಗೋದೂ ಇಲ್ಲ, ಚಿತ್ರ ಸೀದಾ ಮಾಯ. ಸಿಗ್ನಲ್ಲಿಗೆ ಮತ್ತೆ ಬಲ ಕೊಡೋ ರಿಪೀಟರ್ ಹಾಕ್ತಾ ಹೋಗಿ ಆ ಕೆಲಸದ ಲಾಭವೆಲ್ಲ ಕರಗಿತು.

ಹಾಗಾಗಿ ಎಚ್‌ಡಿ-ಟಿವಿಐ. ಇದೂ ಕೋಆಕ್ಸಿಯಲ್ಲಿನಲ್ಲೇ ಎಚ್‌ಡಿ ಕಳಿಸುತ್ತೆ, ಆದರೆ ಅನಲಾಗೇ ಆದ್ದರಿಂದ ಕೇಬಲ್ ಸೋತರೆ ಮೊದಲು ಬಣ್ಣ ತೆಳುವಾಗುತ್ತೆ, ಎಚ್ಚರಿಕೆ ಸಿಗುತ್ತೆ. ಎಲ್ಲಕ್ಕಿಂತ ಉದ್ದದ ಲೈನ್, ಹತ್ತಿರ ಹತ್ತಿರ 180 ಮೀಟರ್, ಅದಕ್ಕೇ ಒಂದು ಕ್ಯಾಮೆರಾ ಕಟ್ಟಿ ನೋಡಿದೆ. ಹಗಲೆಲ್ಲ ಕನ್ನಡಿ ಹಾಗೆ. ಕತ್ತಲಾಗಿ ಐಆರ್ (ಕ್ಯಾಮೆರಾದ ಇನ್‌ಫ್ರಾರೆಡ್ ದೀಪ) ಹತ್ತಿದ ಕೂಡಲೇ ಚಿತ್ರ ಕಣ್ಣು ಮಿಟುಕಿಸೋಕೆ ಶುರು. ‘ನಾವು ಹೇಳಿರಲಿಲ್ವಾ’ ಅಂದರು, ಎಚ್‌ಡಿ ಬರಲ್ಲ ಅಂದಿದ್ದವರು. ಕೇಬಲ್ ಮೇಲೇ ಅನುಮಾನಪಟ್ಟು ಮೂರು ದಿನ ಕಳೆದೆ. ಕೊನೆಗೆ ರಾತ್ರಿ ಮೀಟರ್ ಹಿಡಿದು ಏಣಿ ಹತ್ತಿದರೆ, ಐಆರ್ ಹೆಚ್ಚು ಕರೆಂಟ್ ಎಳೆದು ಕ್ಯಾಮೆರಾ ತುದಿಯಲ್ಲಿ 12 ವೋಲ್ಟ್ ಹೋಗಿ 9.5 ಆಗಿತ್ತು! ಅಂತಸ್ತಿಗೊಂದು ಎಸ್‌ಎಂಪಿಎಸ್ (ಪವರ್ ಸಪ್ಲೈ) ಕೂರಿಸಿದೆ, ಮುಗೀತು.

ತಿರುಚಿ ಸಿಕ್ಕಿಸಿದ ಬಿಎನ್‌ಸಿ ಕನೆಕ್ಟರ್‌ಗಳನ್ನೆಲ್ಲ ಕತ್ತರಿಸಿ 28 ತುದಿಗೂ ಒತ್ತಿ ಕೂರಿಸೋ ಕ್ರಿಂಪ್ ಹೊಡೆದೆ. ಇದರಲ್ಲಿ ಮಾತ್ರ ಜಿಪುಣತನ ಬೇಡ. ಎರಡು ಲೈನಿನಲ್ಲಿ ನೆರಳು ಬೀಳ್ತಿತ್ತು, ನೋಡಿದರೆ 75 ಓಮಿನ ಆರ್‌ಜಿ-59 ಇರಬೇಕಾದಲ್ಲಿ ಯಾರೋ 50 ಓಮಿನ ಆರ್‌ಜಿ-58 ಎಳೆದಿದ್ದರು. ಅವೆರಡನ್ನಷ್ಟೇ ಬದಲಿಸಿದೆ. ಗೋಡೆಯೊಳಗೆ ಜಾಯಿಂಟ್ ಎಲ್ಲಿದೆ ಅಂತ ಒಡೆಯದೇ ಪತ್ತೆ ಹಚ್ಚೋ ಉಪಾಯವೊಂದು ನನ್ನ ಹತ್ತಿರ ಇದೆ, ಅದು ನನ್ನ ಅನ್ನದ ದಾರಿ, ಇಲ್ಲಿ ಬರೆಯಲ್ಲ.

ನಡುವೆ ಕುತೂಹಲಕ್ಕೆ ಖಾಲಿ ಬಿದ್ದಿದ್ದ ಫೋನ್ ತಂತಿಯ ಒಂದು ಜೋಡಿಗೂ ಹಳೇ ಬಾಲನ್ (ಕ್ಯಾಮೆರಾ ಸಿಗ್ನಲನ್ನು ಜೋಡಿ ತಂತಿಗೆ ಹೊಂದಿಸೋ ಸಣ್ಣ ಸಾಧನ) ಹಾಕಿ ನೋಡಿದೆ. 120 ಮೀಟರಿಗೆ ಕಪ್ಪು-ಬಿಳುಪು ಬಂತು. ಎಚ್‌ಡಿ ಬಾಲನ್ ಹಾಕಿದ ಮೇಲೆ ಬಣ್ಣವೂ ಬಂತು. ಆದರೂ ಗಿರಾಕಿಗೆ ಕೊಡೋ ಧೈರ್ಯ ಬರಲಿಲ್ಲ.

ಗೇಟಿನಲ್ಲಿ ಮಾತ್ರ ನಂಬರ್ ಪ್ಲೇಟಿಗಾಗಿ 4 ಮೆಗಾಪಿಕ್ಸೆಲಿನ ಎರಡು ಐಪಿ ಹಾಕಿದೆ, ಉಳಿದವು ಸೇರಿದ್ದ ಡಿವಿಆರ್‌ಗೇ (ರೆಕಾರ್ಡರ್) ಸೇರಿಸಿದೆ. ಒಟ್ಟು ಖರ್ಚು ಐಪಿ ಲೆಕ್ಕದ ಮೂರರಲ್ಲೊಂದು ಪಾಲಿಗಿಂತ ಸ್ವಲ್ಪ ಮೇಲೆ. ಸೆಕೆಂಡಿಗೆ 15 ಫ್ರೇಮ್, 2 ಮೆಗಾಬಿಟ್ ಇಟ್ಟರೆ ಟಿವಿಐ ಕ್ಯಾಮೆರಾ ಒಂದಕ್ಕೆ ದಿನಕ್ಕೆ 21 ಜಿಬಿ ಆಸುಪಾಸು, ಐಪಿಗೆ ಅದರ ಎರಡರಷ್ಟು. ಗಿರಾಕಿ ಕೇಳಿದ್ದು 15 ದಿನದ ರೆಕಾರ್ಡಿಂಗ್, 6 ಟಿಬಿಯಲ್ಲಿ ಸಿಕ್ತು.